ಎಲ್ಲರೂ ಏಳ್ತಾರಾ, ಅಕ್ಕ?

ಗಾಜು ಕತ್ತರಿಸುವಾಗ ಗಾಜಿನಕ್ಕ ಉಸಿರು ಬಿಗಿಹಿಡಿಯುತ್ತಾಳೆ. ಕಟರಿನ ಮೊನೆಯನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಅಳತೆಪಟ್ಟಿಗೆ ಒತ್ತಿ, ಒಂದೇ ಎಳೆತಕ್ಕೆ ಗೀರು ಹಾಕಬೇಕು. ಸರಿಯಾಗಲಿಲ್ಲವೆಂದು ಅದೇ ಗೀರಿನ ಮೇಲೆ ಮತ್ತೆ ಎಳೆದರೆ ಗಾಜು ತನಗೆ ತೋಚಿದ ಕಡೆ ಸೀಳಿಕೊಳ್ಳುತ್ತದೆ. ಗೀರು ಬಿದ್ದ ಮೇಲೆ ಮೇಜಿನ ಅಂಚಿಗೆ ತಂದು ಅಂಗೈಯಿಂದ ಮೆಲ್ಲಗೆ ಅದುಮಿದರೆ ಟಕ್ಕೆಂದು ಎರಡು ಹೋಳು. ಆಗ ಅವಳು ಉಸಿರು ಬಿಡುತ್ತಾಳೆ.

ಬೀಗ ರಿಪೇರಿಯವನ ಗೂಡಿಗೂ ಝೆರಾಕ್ಸ್ ಅಂಗಡಿಗೂ ನಡುವೆ ಸಿಕ್ಕಿಕೊಂಡಿರುವ ಅವಳ ಅಂಗಡಿಯಲ್ಲಿ ಇಬ್ಬರು ಒಟ್ಟಿಗೆ ನಿಂತರೆ ಒಬ್ಬರು ಇನ್ನೊಬ್ಬರ ಕಾಲು ತುಳಿಯಬೇಕು. ಫೋಟೋಗೆ ಕಟ್ಟು ಹಾಕುವುದು ಅವಳ ಕಸುಬು. ಮದುವೆಯ ಫೋಟೋಗಳು ಬರುತ್ತವೆ, ಪದವಿ ಪತ್ರಗಳು ಬರುತ್ತವೆ, ಎಲ್ಲಕ್ಕಿಂತ ಹೆಚ್ಚು ಬರುವವರು ಸತ್ತವರು. ಗುರುತಿನ ಚೀಟಿಯಿಂದ ಹಿಗ್ಗಿಸಿದ ಮಸುಕು ಮುಖಗಳು. ಗುಂಪಿನ ಫೋಟೋದಿಂದ ಕತ್ತರಿಸಿ ತೆಗೆದ, ಹೆಗಲ ಮೇಲೆ ಇನ್ಯಾರದೋ ಕೈ ಉಳಿದುಹೋದ ಮುಖಗಳು. ಅವಳು ಗಾಜಿನ ಒಳಮೈಯನ್ನು ಒರೆಸಿ, ಬೆಳಕಿಗೆ ಹಿಡಿದು, ಮತ್ತೆ ಒರೆಸುತ್ತಾಳೆ. ಒಳಗೆ ಒಂದು ಕೂದಲೆಳೆ ಉಳಿದರೂ ಆಮೇಲೆ ಹೊರಗಿನಿಂದ ಎಷ್ಟು ಉಜ್ಜಿದರೂ ಹೋಗದು.

ಭಾನುವಾರ ಅಂಗಡಿಗೆ ರಜ. ಅವತ್ತು ಅವಳು ಚರ್ಚಿನ ಹಿಂದಿನ ಕೋಣೆಯಲ್ಲಿ ಪುಟ್ಟ ಮಕ್ಕಳಿಗೆ ಪಾಠ ಹೇಳುತ್ತಾಳೆ. ಆ ಕೆಲಸ ಅವಳ ಪಾಲಿಗೆ ಬಂದ ಬಗೆ ಕೇಳಿ. ಮೊದಲಿದ್ದ ಟೀಚರು ಮದುವೆಯಾಗಿ ಹೊರಟುಹೋದಳು. ಯಾರು ಒಪ್ಪಿಕೊಳ್ಳುತ್ತೀರಿ ಎಂದಾಗ ಸಭೆಯೆಲ್ಲ ನೆಲ ನೋಡಿತು. ಯಾರೋ ಹಿಂದಿನಿಂದ, ಗಾಜಿನಕ್ಕನ ಹತ್ತಿರ ಅಂಟು, ರಟ್ಟು, ಬಣ್ಣದ ಕಾಗದ ಎಲ್ಲ ಇದೆಯಲ್ಲ ಎಂದರು. ಆಯ್ಕೆ ಮುಗಿಯಿತು. ದೊಡ್ಡವರಿಗೆ ಉಪದೇಶ ಮಾಡಲು ವರ್ಷಗಟ್ಟಲೆ ಓದಿ ಬಂದವರು ಬೇಕು, ಮೈಕು ಬೇಕು, ನಿಲುವಂಗಿ ಬೇಕು. ಇನ್ನೂ ಹಾಲುಹಲ್ಲು ಬೀಳದ ಮಕ್ಕಳಿಗೆ ಸಾವೆಂದರೇನು, ಸತ್ತ ಮೇಲೆ ಏನು ಎಂದು ಹೇಳಲು ಅಂಟು, ಕತ್ತರಿ ಇದ್ದವರು ಸಾಕು. ಇದಕ್ಕೆ ನಾವು ಸೇವೆ ಎಂದು ಹೆಸರಿಟ್ಟಿದ್ದೇವೆ. ಏನಾದರೂ ಎಡವಟ್ಟಾದರೆ ಮಾತ್ರ ಅದು ಟೀಚರ ತಪ್ಪು.

ಆ ತರಗತಿಯಲ್ಲಿ ಎಲ್ಲರಿಗಿಂತ ಚಿಕ್ಕವಳು, ಸಾಲಿನ ಕೊನೆಗೆ ನಿಲ್ಲುವವಳು ಒಬ್ಬ ಹುಡುಗಿ. ಮಕ್ಕಳು ಅವಳನ್ನು ಕಿರುಬೆರಳು ಎನ್ನುತ್ತಿದ್ದರು, ಅವಳೂ ಆ ಹೆಸರಿಗೇ ಓಗೊಡುತ್ತಿದ್ದಳು. ಅವಳ ಅಪ್ಪ ನಲ್ಲಿ ರಿಪೇರಿಯವನು. ಚರ್ಚಿನ ಹಾಡುಗಾರರ ಸಾಲಿನಲ್ಲಿ ಅತಿ ದಪ್ಪ ದನಿ ಅವನದೇ. ಸಭೆಯ ಅರ್ಧ ಮನೆಗಳ ಸೋರಿಕೆ ನಿಲ್ಲಿಸಿದವನು, ಪಾಸ್ಟರ ಮನೆಯ ಕೆಲಸಕ್ಕೆ ದುಡ್ಡಿಗೆಂದು ಕೈಯೊಡ್ಡದವನು, ಯಾರ ಮನೆಯ ಸಮಾರಂಭವಿರಲಿ ನಗಿಸಿ ನಗಿಸಿ ಹೊಟ್ಟೆ ಹುಣ್ಣಾಗಿಸುವವನು. ಒಂದು ಮಧ್ಯಾಹ್ನ ಯಾವುದೋ ಕಟ್ಟಡದ ಮೇಲಿನ ನೀರಿನ ತೊಟ್ಟಿಗೆ ಹತ್ತಿದ್ದಾಗ ಏಣಿ ಜಾರಿ ಸತ್ತ. ಸಮಾಧಿಯ ಬಳಿ ಪಾಸ್ಟರು, ಇಂಥ ಮಗನನ್ನು ಪಡೆದ ಸಭೆಯೇ ಧನ್ಯ ಎಂದರು. ಹೆಂಡತಿ ಸುಡುಬಿಸಿಲಿನಲ್ಲೂ ಮಣಿಕಟ್ಟಿನವರೆಗೆ ತೋಳು ಮುಚ್ಚಿಕೊಂಡು ನಿಂತಿದ್ದಳು. ಆ ತೋಳಿನ ಕೆಳಗೆ ಏನಿದೆ ಎಂದು ಅಲ್ಲಿದ್ದ ಹೆಂಗಸರಲ್ಲಿ ಗೊತ್ತಿಲ್ಲದವರು ಕಡಿಮೆ. ಪಕ್ಕದ ಮನೆಯವರು ಯಾವಾಗಲೋ ಟಿವಿಯ ಸದ್ದು ಏರಿಸುವುದನ್ನು ಕಲಿತಿದ್ದರು. ಗಾಜಿನಕ್ಕನೂ ಒಮ್ಮೆ ಆಕೆಯ ಬೆರಳಿಗೆ ಕಟ್ಟಿದ್ದ ಪಟ್ಟಿ ನೋಡಿ ಕೇಳಿದ್ದಳು. ಬಾಗಿಲಿಗೆ ಸಿಕ್ಕಿತು ಎಂದಿದ್ದಳು ಆಕೆ. ಹಾಗೆಂದದ್ದೇ ಸಮಾಧಾನವಾಗಿ ಗಾಜಿನಕ್ಕ ಮಾತು ಬದಲಿಸಿದ್ದಳು.

ಈಸ್ಟರ್ ಹತ್ತಿರ ಬಂತು. ಗಾಜಿನಕ್ಕ ಅಂಗಡಿಯಲ್ಲಿ ಉಳಿದ ಹಾರ್ಡ್‌ಬೋರ್ಡು ಬಗ್ಗಿಸಿ ಯೇಸುವನ್ನು ಹೂಳಿದಂಥ ಒಂದು ಗವಿ ಮಾಡಿದಳು, ಅದರ ಬಾಯಿ ಮುಚ್ಚಲು ಬೂದು ಬಣ್ಣ ಹಚ್ಚಿದ ಗುಂಡಗಿನ ರಟ್ಟಿನ ಕಲ್ಲು ಮಾಡಿದಳು. ಶಿಲುಬೆಯ ಭಾಗವನ್ನು ಬೇಗ ಮುಗಿಸಿದಳು. ರಕ್ತ, ಮೊಳೆ, ಚಾಟಿ ಎಂದರೆ ಮಕ್ಕಳು ಹೆದರಿಯಾರು ಎಂದು, ಯೇಸುಸ್ವಾಮಿಗೆ ಕೆಟ್ಟವರು ತುಂಬ ತೊಂದರೆ ಕೊಟ್ಟರು ಎಂದಷ್ಟೇ ಹೇಳಿ ಗವಿಗೆ ಬಂದಳು. ಮೂರನೆಯ ದಿನ ಬೆಳಿಗ್ಗೆ ಕಲ್ಲು ಉರುಳಿತ್ತು, ಒಳಗೆ ಯಾರೂ ಇರಲಿಲ್ಲ, ಸಾವು ಸೋತಿತ್ತು. ಇಷ್ಟು ಹೇಳಿ ಅವಳ ಕಣ್ಣು ಕಿರುಬೆರಳಿನ ಮೇಲೆ ಬಿತ್ತು. ಅಪ್ಪನನ್ನು ಕಳೆದುಕೊಂಡ ಮಗು. ಇದಕ್ಕಿಂತ ದೊಡ್ಡ ಸಮಾಧಾನ ಇನ್ನೇನು ಕೊಡಲಿ ಎಂದುಕೊಂಡು, ಯೇಸುಸ್ವಾಮಿ ಒಬ್ಬರೇ ಅಲ್ಲ, ಸತ್ತ ನಮ್ಮವರೂ ಒಂದು ದಿನ ಏಳುತ್ತಾರೆ ಎಂದಳು.

"ಎಲ್ಲರೂ ಏಳ್ತಾರಾ, ಅಕ್ಕ?" ಎಂದಳು ಕಿರುಬೆರಳು.

"ಎಲ್ಲರೂ, ಪುಟ್ಟ."

"ಯಾವಾಗ?"

ಪಾಸ್ಟರು ವರ್ಷಪೂರ್ತಿ ಹೇಳುವ ಮಾತು ಗಾಜಿನಕ್ಕನ ನಾಲಿಗೆಯ ತುದಿಯಲ್ಲೇ ಇತ್ತು. ಯಾವಾಗ ಬೇಕಾದರೂ ಆಗಬಹುದು, ಈ ಈಸ್ಟರ್ ಬೆಳಿಗ್ಗೆಯೇ ಆದರೂ ಆಗಬಹುದು, ನಾವು ಸಿದ್ಧವಾಗಿರಬೇಕು ಎಂದುಬಿಟ್ಟಳು.

ಆಮೇಲೆ ಕಲ್ಲು ಉರುಳಿಸುವ ಆಟ. ಬುಲ್ಡೋಜರ್ ಎಂಬ ಅಡ್ಡಹೆಸರಿನ ಹುಡುಗ ಓಡಿಬಂದು ಗುದ್ದಿದ ರಭಸಕ್ಕೆ ಕಲ್ಲಿನ ಜೊತೆ ಗವಿಯೂ ಮಗುಚಿತು. ದೇವದೂತರಿಗೆ ಕೆಲಸವೇ ಉಳಿಸಲಿಲ್ಲವಲ್ಲೋ ಎಂದು ಮಿಕ್ಕವರು ಅವನನ್ನು ಆಡಿಕೊಂಡರು. ಮತ್ತೆ ನಿಲ್ಲಿಸಿದರು. ಒಬ್ಬೊಬ್ಬರೇ ಉರುಳಿಸಿದರು, ಒಳಗೆ ಇಣುಕಿದರು, ಖಾಲಿ ಎಂದು ಕೂಗಿದರು. ಕಿರುಬೆರಳಿನ ಸರದಿ ಬಂದಾಗ ಅವಳು ಕಲ್ಲನ್ನು ಉರುಳಿಸಲಿಲ್ಲ. ಗವಿಯ ಬಾಯಿಗೆ ಅದನ್ನು ಸರಿಯಾಗಿ ಕೂರಿಸಿ, ತಿರುಗಿ, ಬೆನ್ನು ಕೊಟ್ಟು ಒತ್ತಿಕೊಂಡು ಕುಳಿತುಬಿಟ್ಟಳು. ಎರಡೂ ಹಿಮ್ಮಡಿ ನೆಲಕ್ಕೆ ಊರಿದ್ದಳು. ಏಳೇ ಎಂದರೆ ಏಳಲಿಲ್ಲ. ಬುಲ್ಡೋಜರ್ ಎಳೆಯಲು ಬಂದರೆ ಅವನ ಕೈ ಕಚ್ಚಿದಳು. ಮಕ್ಕಳು ನಕ್ಕರು. ಗಾಜಿನಕ್ಕನೂ ನಕ್ಕಳು, ಸಣ್ಣವಳಿಗೆ ಹಟ ಬಂದಿದೆ ಎಂದುಕೊಂಡು.

ಇದು ಸಾಲದೆಂಬಂತೆ ಅವಳು ಇನ್ನೊಂದು ಉಪಕಾರ ಮಾಡಿದಳು. ಹಾಡುಗಾರರ ಗುಂಪಿನ ಫೋಟೋದಿಂದ ಆ ನಲ್ಲಿ ರಿಪೇರಿಯವನ ನಗುಮುಖವನ್ನು ದೊಡ್ಡದಾಗಿ ತೆಗೆಸಿ, ಒಳ್ಳೆಯ ಮರದ ಬೀಡಿಂಗ್ ಪಟ್ಟಿ ಹಾಕಿ, ಕಟ್ಟು ಕಟ್ಟಿ, ತಾನೇ ಹೊತ್ತುಕೊಂಡು ಹೋಗಿ ಅವರ ಮನೆಯ ಗೋಡೆಗೆ ತೂಗುಹಾಕಿ ಬಂದಳು. ಅಪ್ಪ ಇಲ್ಲಿಂದ ನಿನ್ನನ್ನೇ ನೋಡ್ತಿರ್ತಾರೆ ಎಂದು ಹುಡುಗಿಯ ಕೆನ್ನೆ ತಟ್ಟಿದಳು. ಕೆನ್ನೆ ತಣ್ಣಗಿತ್ತು.

ಅಲ್ಲಿಂದ ಮುಂದೆ ಮಗು ನಿದ್ದೆ ಮಾಡುತ್ತಿಲ್ಲ ಎಂದು ತಾಯಿ ಚರ್ಚಿನ ಮೆಟ್ಟಿಲ ಬಳಿ ಸಿಕ್ಕಾಗ ಹೇಳಿದಳು. ಮಂಚದ ಮೇಲೆ ಮಲಗಿಸಿದರೆ ಬೆಳಗಾಗುವಾಗ ಮಂಚದ ಕೆಳಗಿರುತ್ತಾಳೆ, ಕಣ್ಣು ಬಿಟ್ಟುಕೊಂಡೇ ಇರುತ್ತಾಳೆ. ಅಪ್ಪನ ಚಪ್ಪಲಿ ಕಾಣೆಯಾಗಿತ್ತು. ಹುಡುಕಿದರೆ ಬೀದಿ ಕೊನೆಯ ಕಸದ ತೊಟ್ಟಿಯಲ್ಲಿ ಸಿಕ್ಕಿತು. ಅಪ್ಪನ ನೆನಪು ಕಾಡ್ತಿರಬೇಕು ಎಂದಳು ಗಾಜಿನಕ್ಕ. ತಾಯಿ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಭಾವ ಬಂದ. ಬಾಯಿ ಮುಚ್ಚಿತು.

ಆ ಭಾವ, ಎಂದರೆ ಸತ್ತವನ ಅಣ್ಣ, ಸಭೆಯ ಹಿರಿಯ. ಚರ್ಚಿನ ಬೀಗದ ಕೈ ಅವನ ಸೊಂಟದಲ್ಲಿ. ತಾಯಿ ಮಗಳು ಇರುವ ಮಹಡಿಯ ಮೇಲಿನ ಕೋಣೆಗಳು ಅವನ ಮನೆಯವೇ. ಚರ್ಚಿನ ಸೋರುವ ಮಾಡು ರಿಪೇರಿಗೆ ಓಡಾಡುತ್ತಿರುವವನೂ ಅವನೇ. ಹುಡುಗಿ ಅವನಿಗೆ ದೊಡ್ಡಪ್ಪ ಎನ್ನುತ್ತಿದ್ದಳು, ಅವನ ಮುಖ ನೋಡದೆ. ಕೆಟ್ಟ ಮನುಷ್ಯನೇನಲ್ಲ ಎಂದು ಎಲ್ಲರೂ ಹೇಳುತ್ತಾರೆ. ತಮ್ಮನ ಮನೆಯ ಸದ್ದು ಅಷ್ಟು ವರ್ಷ ಅವನ ನೆತ್ತಿಯ ಮೇಲೆಯೇ ಆಗುತ್ತಿತ್ತು. ಒಮ್ಮೆಯೂ ಮೆಟ್ಟಿಲು ಹತ್ತದವನನ್ನು ಕೆಟ್ಟವನಲ್ಲ ಎನ್ನುವುದಾದರೆ ಕೆಟ್ಟವನು ಎಂಬ ಮಾತನ್ನು ನಾವು ಯಾರಿಗಾಗಿ ಎತ್ತಿಟ್ಟಿದ್ದೇವೆ?

ಒಂದು ಸಂಜೆ ಹುಡುಗಿ ಒಬ್ಬಳೇ ಅಂಗಡಿಗೆ ಬಂದಳು. ಗಾಜಿನಕ್ಕ ದೊಡ್ಡದೊಂದು ಗಾಜಿಗೆ ಗೀರು ಹಾಕಲು ಕಟರು ಎತ್ತಿದ್ದಳು. ಹುಡುಗಿ ಗೋಡೆಯ ಮೇಲಿನ ಮುಖಗಳನ್ನೆಲ್ಲ ಒಂದು ಸುತ್ತು ನೋಡಿದಳು.

"ಅಕ್ಕ, ಗಾಜು ಒಳಗಡೆಯಿಂದ ಒಡೆಯುತ್ತಾ?"

"ಒಳಗಡೆ ಯಾರಿದ್ದಾರೆ ಒಡೆಯೋಕೆ? ಬರೀ ಕಾಗದ."

"ಹಿಂದಿನ ಹಲಗೆಗೆ ಮೊಳೆ ಗಟ್ಟಿಯಾಗಿ ಹೊಡೆದಿದೀರಾ?"

ಹೊಡೆದಿದ್ದೇನೆ, ಬೀಳಲ್ಲ, ಹೆದರಬೇಡ ಎಂದಳು ಗಾಜಿನಕ್ಕ. ಹುಡುಗಿ ತನಗೂ ಮೊಳೆ ಬೇಕೆಂದಳು. ಡಬ್ಬಿಯಲ್ಲಿದ್ದ ಸಣ್ಣ ಮೊಳೆ ಕೊಟ್ಟರೆ ತಲೆಯಾಡಿಸಿದಳು. ಇವು ಸಾಲವು, ದೊಡ್ಡವು ಬೇಕು. ಯಾತಕ್ಕೆ ಎಂದರೆ,

"ಬಾಗಿಲಿಗೆ. ಈಸ್ಟರ್ ಬರೋಕ್ಕೆ ಮುಂಚೆ."

ಕಟರು ಗಾಜಿನ ಮೇಲೆ ಅಡ್ಡ ಹೋಯಿತು. ಗಾಜಿನಕ್ಕ ಅದನ್ನು ಪಕ್ಕಕ್ಕಿಟ್ಟು ಕುಳಿತಳು. ಆಮೇಲೆ ಹುಡುಗಿ ಹೇಳಿದ್ದನ್ನೆಲ್ಲ ಅವಳು ಕೇಳಿಸಿಕೊಂಡಳು. ಮಗು ಅಳಲಿಲ್ಲ. ಮನೆಯ ನಿಯಮ ಹೇಳುವಂತೆ ಹೇಳಿತು. ಕೆಳಗೆ ಅಂಗಳದ ನಲ್ಲಿ ಸದ್ದಾದರೆ ಅಪ್ಪ ಬಂದರು ಎಂದರ್ಥ, ಕಾಲು ತೊಳೆಯುತ್ತಾರೆ. ನಲ್ಲಿ ನಿಲ್ಲುವುದರೊಳಗೆ ಅಮ್ಮ ತನ್ನನ್ನು ಬೀರುವಿನ ಹಿಂದೆ ಕೂರಿಸಬೇಕು. ಸದ್ದು ಮಾಡಬಾರದು. ಅಮ್ಮ ಕೂಗಿದರೂ ಹೊರಗೆ ಬರಬಾರದು. ಅಪ್ಪ ಗೊರಕೆ ಹೊಡೆದ ಮೇಲೆ ಬರಬಹುದು. ಈಗ ಯಾರೇ ಕಾಲು ತೊಳೆದರೂ ಅವಳಿಗೆ ಹೊಟ್ಟೆ ನೋಯುತ್ತದೆ. ಅಪ್ಪ ಎದ್ದು ಬಂದರೆ ಏನು ಮಾಡುವುದೆಂದು ಅವಳು ತುಂಬ ಯೋಚಿಸಿದ್ದಳು.

"ಬೀರು ಹಿಂದೆ ಈಗ ನಂಗೆ ಜಾಗ ಸಾಲಲ್ಲ ಅಕ್ಕ. ನಾನು ಉದ್ದ ಆಗಿದೀನಿ."

ರಟ್ಟಿನ ಗವಿಗೆ ಬೆನ್ನು ಕೊಟ್ಟು ಕುಳಿತಿದ್ದ ಆ ಪುಟ್ಟ ಮೈ ಗಾಜಿನಕ್ಕನ ಕಣ್ಣಮುಂದೆ ಬಂತು. ತಾನು ಈ ಮಗುವಿಗೆ ಕೊಟ್ಟದ್ದು ಏನನ್ನು? ಲೋಕದಲ್ಲಿ ಅತ್ಯಂತ ಒಳ್ಳೆಯ ಸುದ್ದಿ ಎಂದು ತಾನು ನಂಬಿದ್ದನ್ನು. ಅದು ಈ ಮಗುವಿನ ಕಿವಿಗೆ, ನಿನ್ನನ್ನು ಹೊಡೆಯುವವನು ಮತ್ತೆ ಬರುತ್ತಾನೆ, ಇದೇ ಬೆಳಿಗ್ಗೆ ಬಂದರೂ ಬರಬಹುದು, ಸಿದ್ಧವಾಗಿರು ಎಂದು ಬಿದ್ದಿತ್ತು. ಮಗು ಹೇಳಿದಂತೆ ಕೇಳಿ ಸಿದ್ಧವಾಗುತ್ತಿತ್ತು.

ಅಂಗಡಿಗೆ ಬಾಗಿಲು ಹಾಕಿ ಹುಡುಗಿಯ ಕೈ ಹಿಡಿದು ಅವರ ಮನೆಗೆ ಹೋದಳು. ತಾಯಿ ಬೇರೆಯವರ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಗೋಡೆಯ ಫೋಟೋದ ಮೇಲೆ ಒಂದು ಟವೆಲು ಇಳಿಬಿದ್ದಿತ್ತು. ಮಗಳು ದಿನಾ ಮುಚ್ಚುತ್ತಾಳೆ, ಸಂಜೆ ಭಾವ ಮೇಲೆ ಬಂದು ದಿನಾ ತೆಗೆಯುತ್ತಾನೆ, ತಮ್ಮನಿಗೆ ಅವಮಾನ ಎಂದು ಬೈಯುತ್ತಾನೆ ಎಂದಳು ತಾಯಿ. ಗಾಜಿನಕ್ಕ ತಾನು ಕೇಳಿದ್ದನ್ನೆಲ್ಲ ಹೇಳಿದಳು. ತಾಯಿ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿ, ಮೊದಲು ಕಿಟಕಿ ಮುಚ್ಚಿದಳು. ಬಟ್ಟೆಯ ಮೇಲೆ ಕೈಯಾಡಿಸುತ್ತ ಪಿಸುಗುಟ್ಟಿದಳು.

"ಬಾಯಿ ಬಿಡಬೇಡಿ ಅಕ್ಕ, ನಿಮ್ಮ ಕಾಲಿಗೆ ಬೀಳ್ತೀನಿ. ಭಾವ ಹೊರಗೆ ಹಾಕಿದ್ರೆ ಇವಳನ್ನ ಕರ್ಕೊಂಡು ಎಲ್ಲಿಗೆ ಹೋಗಲಿ? ಅದೆಲ್ಲ ಕಥೆ, ಸತ್ತೋರು ಏಳಲ್ಲ ಅಂತ ಇವಳಿಗೆ ಹೇಳ್ಬಿಡಿ. ಅಷ್ಟು ಮಾಡಿ ಸಾಕು."

ಅಷ್ಟು ಮಾಡುವುದು ಸುಲಭವಿತ್ತು. ಆದರೆ ಗಾಜಿನಕ್ಕನಿಗೆ ಅದು ಬರುವುದಿಲ್ಲ. ಅವಳ ಅವ್ವ ಆ ಮನುಷ್ಯನನ್ನು ಹೂಳಿದ ಸ್ಮಶಾನದಲ್ಲೇ ಗೋಡೆಯ ಪಕ್ಕ ಮಲಗಿದ್ದಾಳೆ. ಎದ್ದೇ ಏಳುತ್ತಾಳೆಂದು ನಂಬಿ ಅವಳು ಬದುಕಿದ್ದಾಳೆ. ಏಳುವುದಿಲ್ಲವೆಂದರೆ ತನಗೆ ಸುಳ್ಳು. ಏಳುತ್ತಾರೆ ಎಂದರೆ ಮಗು ಹೆದರಿ ಸಾಯುತ್ತದೆ.

ಪಾಸ್ಟರ ಬಳಿ ಹೋದಳು. ಹೊಸಬರು, ಚಿಕ್ಕ ವಯಸ್ಸು, ಮಾತು ಮೃದು. ಮಾಡಿನಿಂದ ಸೋರಿದ ನೀರಿಗೆ ಇಟ್ಟ ಬಕೆಟ್ಟು ಅವರ ಮೇಜಿನ ಪಕ್ಕದಲ್ಲೇ ಇತ್ತು. ಎಲ್ಲ ಕೇಳಿ, ಮಕ್ಕಳಲ್ಲವೇ, ಏನೋ ಕಲ್ಪಿಸಿಕೊಳ್ಳುತ್ತಾರೆ, ಮರೆತೂಬಿಡುತ್ತಾರೆ ಎಂದರು. ತೀರಿಹೋದವರು ಎಷ್ಟು ಒಳ್ಳೆಯವರೆಂದು ತಾನೇ ಸಮಾಧಿಯ ಬಳಿ ಹೇಳಿದ್ದೇನಲ್ಲ ಎಂದೂ ಅಂದರು. ಒಮ್ಮೆ ಮಾಡಿದ ಉಪದೇಶವನ್ನು ವಾಪಸು ತೆಗೆದುಕೊಳ್ಳುವ ದಾರಿ ಅವರಿಗೆ ಯಾರೂ ಕಲಿಸಿರಲಿಲ್ಲ. ಈ ಸಲ ಈಸ್ಟರ್ ಬೆಳಗಿನ ಆರಾಧನೆಯಲ್ಲಿ ಹುಡುಗಿಯ ಕೈಯಿಂದಲೇ ತಂದೆಯ ಹೊಸ ಸಮಾಧಿಕಲ್ಲಿನ ಮೇಲೆ ಮೇಣದಬತ್ತಿ ಇಡಿಸಬೇಕೆಂದು ಹಿರಿಯರು ಕೇಳಿಕೊಂಡಿದ್ದಾರೆ, ಅದರಿಂದ ಮಗುವಿಗೂ ಸಮಾಧಾನವಾದೀತು ಎಂದು ಸೇರಿಸಿದರು. ಗಾಜಿನಕ್ಕ ಕುರ್ಚಿಯಿಂದ ಎದ್ದಳು. ಆ ಸಭೆಯಲ್ಲಿ ಈಸ್ಟರಿನ ಆರಾಧನೆ ನಡೆಯುವುದು ಸ್ಮಶಾನದಲ್ಲೇ, ಸೂರ್ಯ ಹುಟ್ಟುವ ಹೊತ್ತಿಗೆ.

ಈ ಸಂಗತಿಯಲ್ಲಿ ಹೆದರದವರು ಯಾರು ಹೇಳಿ. ತಾಯಿಗೆ ಭಾವನ ಹೆದರಿಕೆ. ಪಾಸ್ಟರಿಗೆ ಮಾಡಿನ ಹೆದರಿಕೆ. ಅಣ್ಣನಿಗೆ ಮನೆತನದ ಹೆಸರಿನ ಹೆದರಿಕೆ. ಇವರೆಲ್ಲರ ಹೆದರಿಕೆಯನ್ನು ಒಟ್ಟುಮಾಡಿ ಹೊರಲು ಕೊಟ್ಟದ್ದು ಮಾತ್ರ ಸಾಲಿನ ಕೊನೆಗೆ ನಿಲ್ಲುವವಳಿಗೆ.

ಗಾಜಿನಕ್ಕ ಆ ವಾರ ಅಂಗಡಿಯಲ್ಲಿ ಬೇಕಾದಷ್ಟು ಗಾಜು ಹಾಳುಮಾಡಿದಳು. ಬಿಡುವಾದಾಗ ಬೈಬಲು ತೆರೆದು ಆ ಬೆಳಗಿನ ಕಥೆಯನ್ನು ಓದಿದಳು. ಅದನ್ನು ತಮ್ಮ ತಮ್ಮ ರೀತಿಯಲ್ಲಿ ಬರೆದ ನಾಲ್ವರದೂ ಓದಿದಳು. ಎಷ್ಟು ಸಲ ಹೇಳಿದ ಕಥೆ, ಆದರೂ ತಾನು ಅದನ್ನು ಸರಿಯಾಗಿ ನೋಡಿರಲಿಲ್ಲ. ಮೊದಲ ಈಸ್ಟರ್ ಬೆಳಿಗ್ಗೆ ಅಲ್ಲಿಗೆ ಹೋದ ಹೆಂಗಸರು ಕುಣಿದಾಡಲಿಲ್ಲ, ನಡುಗಿದರು. ಶಿಷ್ಯರು ಬಾಗಿಲು ಹಾಕಿಕೊಂಡು ಕುಳಿತಿದ್ದರು. ಎದ್ದುಬಂದವನು ಮತ್ತೆ ಮತ್ತೆ ಹೇಳಬೇಕಾಗಿ ಬಂದದ್ದು ಹೆದರಬೇಡಿ ಎಂದೇ. ಅವನ ಕೈಯ ಗಾಯಗಳು ಮಾಯ್ದಿರಲಿಲ್ಲ, ಅವನ್ನು ತೋರಿಸಿಯೇ ಅವನು ಗುರುತು ಹೇಳಿದ್ದು. ಆ ಗಾಯಗಳನ್ನೇ ತಾನು ಮಕ್ಕಳು ಹೆದರಿಯಾರೆಂದು ಪಾಠದಿಂದ ತೆಗೆದುಹಾಕಿದ್ದಳು. ಹೂವು, ಬೆಳಕು, ಖಾಲಿ ಗವಿ ಇಷ್ಟನ್ನೇ ಉಳಿಸಿ, ಎದ್ದವನು ಯಾರು ಎಂಬುದನ್ನೇ ಬಿಟ್ಟಿದ್ದಳು. ಗೊತ್ತಾಯಿತು. ಗೊತ್ತಾದರೇನು, ಆರು ವರ್ಷದ ಮಗುವಿಗೆ ಅದನ್ನು ಹೇಳುವುದು ಹೇಗೆ? ಇನ್ನೊಂದು ತಪ್ಪು ಮಾತು ಬಾಯಿಂದ ಬಿದ್ದರೆ?

ಈಸ್ಟರ್ ಬೆಳಿಗ್ಗೆ ಇನ್ನೂ ಮಬ್ಬು ಇರುವಾಗಲೇ ಸಭೆ ಸ್ಮಶಾನದ ಗೇಟಿನ ಬಳಿ ಕೂಡಿತು. ಎಲ್ಲರ ಕೈಯಲ್ಲೂ ಕಾಗದದ ಬಟ್ಟಲು ಸಿಕ್ಕಿಸಿದ ಮೇಣದಬತ್ತಿ. ಒಳಗೆ ಸಮಾಧಿಗಳ ನಡುವೆ ತೋಟದ ಮಾಲಿ ಪೈಪು ಬಿಟ್ಟು ಹೋಗಿದ್ದನೋ ಏನೋ, ಎಲ್ಲೋ ನೀರು ಸುರಿಯುವ ಸದ್ದು. ಅದು ಕಿವಿಗೆ ಬಿದ್ದದ್ದೇ ಕಿರುಬೆರಳು ಗೇಟಿನ ಕಂಬವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡಳು. ತಾಯಿ ಕರೆದಳು. ಬರಲಿಲ್ಲ. ದೊಡ್ಡಪ್ಪ ಮೊದಲು ನಯವಾಗಿಯೇ, ಅಪ್ಪ ಕಾಯ್ತಿದ್ದಾರೆ ಬಾ ಮಗಳೇ ಎಂದ. ಅವಳ ಕಾಲ ಕೆಳಗೆ ಮಣ್ಣು ಒದ್ದೆಯಾಯಿತು. ನೋಡಿದವರು ಅತ್ತ ಮುಖ ತಿರುಗಿಸಿದರು. ದೊಡ್ಡಪ್ಪ ಜನರೆದುರು ನಾಚಿಕೆಯಾಗಿ ಅವಳ ರಟ್ಟೆ ಹಿಡಿದು ಎಳೆದ. ಒಂದು ಕೈ ಕಂಬದಿಂದ ಕಿತ್ತುಬಂತು. ಅವಳು ಕಿರುಚಲಿಲ್ಲ. ಬಾಯಿ ತೆರೆದಿತ್ತು, ಸದ್ದಿರಲಿಲ್ಲ. ಸದ್ದು ಮಾಡಬಾರದೆಂಬುದು ಅವಳ ಮನೆಯ ನಿಯಮ.

"ಬಿಡಿ ಅವಳನ್ನ," ಎಂದಳು ಗಾಜಿನಕ್ಕ. "ನಿಮ್ಮ ತಮ್ಮ ಇವಳಮ್ಮನ್ನ ಹೊಡೀತಿದ್ದ. ಇವಳನ್ನೂ ಹೊಡೀತಿದ್ದ. ನಿಮಗೆ ಗೊತ್ತಿತ್ತು. ನಂಗೂ ಗೊತ್ತಿತ್ತು. ಇಲ್ಲಿರೋ ನಮಗೆಲ್ಲ ಗೊತ್ತಿತ್ತು."

ಮೇಣದಬತ್ತಿ ಹಿಡಿದವರು ಬತ್ತಿಯನ್ನೇ ನೋಡಿದರು. ದೊಡ್ಡಪ್ಪನ ಕೈ ಸಡಿಲವಾಯಿತು. ಆಮೇಲೆ ಅವನು, ಹಬ್ಬದ ದಿನ ಹೆಣದ ಮೇಲೆ ಉಗುಳುವವಳಿಗೆ ನಮ್ಮ ಮಕ್ಕಳನ್ನು ಒಪ್ಪಿಸಿದ್ದೇ ತಪ್ಪು ಎಂದು ಪಾಸ್ಟರ ಕಡೆ ನೋಡಿ ಹೇಳಿ ಒಳಗೆ ನಡೆದ. ಜನ ಅವನ ಹಿಂದೆ ಹೋದರು. ತಾಯಿಯೂ, ಒಮ್ಮೆ ತಿರುಗಿ ನೋಡಿ, ಹೋದಳು. ಗಾಜಿನಕ್ಕ ಹುಡುಗಿಯನ್ನು ಎತ್ತಿಕೊಂಡು ರಸ್ತೆಯಾಚೆ ಬಾಗಿಲು ಹಾಕಿದ್ದ ಹೂವಿನಂಗಡಿಯ ಮೆಟ್ಟಿಲ ಮೇಲೆ ಕುಳಿತಳು. ಒದ್ದೆಯಾದ ಬಟ್ಟೆಯ ಮೇಲೆ ತನ್ನ ಶಾಲು ಸುತ್ತಿದಳು. ಹುಡುಗಿಯ ಹಲ್ಲು ಕಟಕಟ ಎನ್ನುತ್ತಿತ್ತು. ಗೋಡೆಯಾಚೆ ಹಾಡು ಶುರುವಾಯಿತು.

"ಎದ್ರಾ?" ಎಂದಳು ಹುಡುಗಿ.

"ಇಲ್ಲ."

"ಹಾಡ್ತಿದಾರಲ್ಲ."

"ಅದು ಯೇಸುಸ್ವಾಮಿ ಎದ್ದಿದ್ದಕ್ಕೆ. ನಾನು ನಿಂಗೆ ಅರ್ಧ ಕಥೆ ಹೇಳಿದ್ದೆ, ಪುಟ್ಟ. ಪೂರ್ತಿ ಹೇಳ್ಲಾ? ಅದರಲ್ಲಿ ಹೊಡೆಯೋದು ಬರುತ್ತೆ."

ಹುಡುಗಿ ಹೂಂ ಎಂದಳು. ಗಾಜಿನಕ್ಕ ಹೇಳಿದಳು. ಯೇಸುಸ್ವಾಮಿಯನ್ನು ಹೊಡೆದರು, ಬಲವಿದ್ದವರೆಲ್ಲ ಸೇರಿ ಹೊಡೆದರು. ಎಷ್ಟೋ ಜನ ಸುತ್ತ ನಿಂತು ನೋಡಿದರು, ಅವನ ಸ್ನೇಹಿತರು ಗೊತ್ತಿಲ್ಲ ಎಂದು ಓಡಿಹೋದರು. ಹೊಡೆದವರು, ಇವನ ಕಥೆ ಮುಗಿಯಿತು, ಇನ್ನು ಯಾರೂ ಕೇಳುವವರಿಲ್ಲ ಎಂದುಕೊಂಡು ಕಲ್ಲು ಮುಚ್ಚಿದರು. ದೇವರು ಆ ಕಲ್ಲು ತೆಗೆದ. ತೆಗೆದು ಯಾರನ್ನು ಎಬ್ಬಿಸಿದ?

"ಯೇಸುಸ್ವಾಮೀನ."

"ಹೊಡೆದವರನ್ನಾ, ಹೊಡೆಸಿಕೊಂಡವರನ್ನಾ?"

ಹುಡುಗಿ ಯೋಚಿಸಿದಳು. "ಹೊಡೆಸಿಕೊಂಡವರನ್ನ."

"ಅದೇ ಈಸ್ಟರ್. ಹೊಡೆದಿದ್ದು ಸರಿಯಲ್ಲ ಅಂತ ದೇವರು ಹೇಳಿದ ದಿನ. ಕೈಯಲ್ಲಿ ಗಾಯ ಹಾಗೇ ಇತ್ತು. ಗಾಯ ಇರೋವನೇ ಈಗ ಎಲ್ಲರಿಗಿಂತ ದೊಡ್ಡವನು."

"ಮತ್ತೆ ಅಪ್ಪ?"

ಈ ಪ್ರಶ್ನೆಗೆ ಹೆದರಿಯೇ ಅವಳು ವಾರವೆಲ್ಲ ಗಾಜು ಒಡೆದಿದ್ದು. ಸುಳ್ಳು ಹೇಳದೆ ಎಷ್ಟು ಹೇಳಬಹುದೋ ಅಷ್ಟನ್ನೇ ಹೇಳಲು ಪ್ರಯತ್ನಿಸಿದಳು.

"ಅಪ್ಪನೂ ಒಂದು ದಿನ ಏಳ್ತಾರೆ. ಇವತ್ತಲ್ಲ. ಈಗಲೋ ಆಗಲೋ ಅಂತ ನಾನು ಹೇಳಿದ್ದು ತಪ್ಪು, ಅದು ನಂಗೆ ಗೊತ್ತಿಲ್ಲದ ವಿಷಯ. ಎದ್ದ ಮೇಲೆ ನೇರವಾಗಿ ನಿಮ್ಮನೆಗೆ ಬರೋ ಹಾಗಿಲ್ಲ. ಮೊದಲು ಆ ಗಾಯದ ಕೈಯವನ ಮುಂದೆ ನಿಲ್ಲಬೇಕು. ಯಾಕೆ ಹೊಡೆದೆ ಅಂತ ಅವನು ಕೇಳ್ತಾನೆ."

"ಅಪ್ಪ ಸುಳ್ಳು ಹೇಳಿದ್ರೆ? ಅವರು ಎಲ್ಲರನ್ನೂ ನಗಿಸಿಬಿಡ್ತಾರೆ."

"ಅಲ್ಲಿ ನಡೆಯಲ್ಲ. ಅವನು ನಿನ್ನ ಜೊತೆ ಬೀರು ಹಿಂದೆ ಕೂತಿದ್ದವನು. ಎಲ್ಲ ಕೇಳಿಸಿಕೊಂಡಿದ್ದಾನೆ."

ಹುಡುಗಿ ಅವಳ ಮುಖವನ್ನೇ ದಿಟ್ಟಿಸಿದಳು. ಅಲ್ಲಿ ಇಬ್ಬರಿಗೆ ಜಾಗ ಇರಲಿಲ್ಲ ಎಂದು ಹೇಳುತ್ತಾಳೇನೋ ಎಂದು ಗಾಜಿನಕ್ಕ ಅಂಜಿದಳು. ಅವಳು ಹಾಗೆ ಹೇಳಲಿಲ್ಲ. ಯೇಸುಸ್ವಾಮಿ ಅಪ್ಪನನ್ನು ಕ್ಷಮಿಸಿಬಿಟ್ಟರೆ ಎಂದು ಕೇಳಿದಳು. ಗಾಜಿನಕ್ಕ, ಅದು ಅವರಿಬ್ಬರ ಮಾತು, ಆದರೆ ಹೊಡೆಯುವ ಕೈಯನ್ನು ಹಾಗೆಯೇ ಇಟ್ಟು ಯಾರನ್ನೂ ಒಳಗೆ ಬಿಡುವುದಿಲ್ಲ, ನೀನು ಬೇಡ ಎಂದರೆ ನಿನ್ನ ಹತ್ತಿರ ಕಳಿಸುವುದೂ ಇಲ್ಲ ಎಂದಳು. ಇದನ್ನು ಯಾವ ಪಾಸ್ಟರು ಒಪ್ಪುತ್ತಾರೋ ಬಿಡುತ್ತಾರೋ ಅವಳಿಗೆ ಗೊತ್ತಿರಲಿಲ್ಲ. ಹುಡುಗಿಯ ನಡುಕ ನಿಂತಿರಲಿಲ್ಲ, ಹಲ್ಲಿನ ಸದ್ದು ಮಾತ್ರ ಕಡಿಮೆಯಾಗಿತ್ತು.

ಗೇಟಿನಿಂದ ಯಾರೋ ಹೊರಗೆ ಬಂದರು. ತಾಯಿ. ಹಾಡು ಇನ್ನೂ ಮುಗಿದಿರಲಿಲ್ಲ. ರಸ್ತೆ ದಾಟಿ ಬಂದು ಮೆಟ್ಟಿಲ ಮೇಲೆ ಮಗಳ ಪಕ್ಕದಲ್ಲಿ ಕುಳಿತಳು. ಒಳಗೆ ಎಲ್ಲರೆದುರು ಎದ್ದು ಬಂದಿದ್ದಾಳೆ, ಇನ್ನು ಆ ಮನೆಯಲ್ಲಿ ಏನು ಕಾದಿದೆಯೋ ಎಂದು ಗಾಜಿನಕ್ಕನಿಗೆ ಭಯವಾಯಿತು. ತಾಯಿಗೂ ಆಗಿತ್ತು. ಆದರೂ ಅವಳು ತೋಳಿನ ಬಟ್ಟೆಯನ್ನು ಮೊಣಕೈಯವರೆಗೆ ಮೇಲೆ ಸರಿಸಿ, ಅಲ್ಲಿದ್ದ ಕಪ್ಪು ಗೀರುಗಳನ್ನು ಮಗಳಿಗೆ ತೋರಿಸಿದಳು.

"ಹೌದು ಕಂದ, ಹೊಡೀತಿದ್ರು. ನೀನು ಕಲ್ಪಿಸಿಕೊಂಡಿದ್ದಲ್ಲ."

ಹುಡುಗಿ ಆ ಗೀರುಗಳ ಮೇಲೆ ಬೆರಳಾಡಿಸಿದಳು. ಇವತ್ತು ಒಳಗೆ ಬೇಡ ಎಂದಳು. ಬೇಡ ಎಂದರು ಇಬ್ಬರೂ. ಅವಳ ತಲೆ ತಾಯಿಯ ತೊಡೆಯ ಮೇಲೆ ವಾಲಿತು, ಕಾಲುಗಳು ಗಾಜಿನಕ್ಕನ ಮಡಿಲಲ್ಲಿ ಚಾಚಿಕೊಂಡವು.

ಬಿಸಿಲು ಬಂತು. ಆರಾಧನೆ ಮುಗಿದು ಜನ ಹೊರಗೆ ಬಂದರು, ಆರಿದ ಬತ್ತಿಗಳನ್ನು ಹಿಡಿದು ಸದ್ದಿಲ್ಲದೆ ಹಾದುಹೋದರು. ಹಬ್ಬದ ಶುಭಾಶಯ ಹೇಳಲು ಯಾರೂ ನಿಲ್ಲಲಿಲ್ಲ. ಕೊನೆಗೆ ದೊಡ್ಡಪ್ಪ ಬಂದು ಎದುರಿಗೆ ನಿಂತ, ಅವನ ನೆರಳು ಮೂವರ ಮೇಲೂ ಬಿತ್ತು. ಮನೆಗೆ ಹೋಗೋಣ, ಅವಳನ್ನು ಎಬ್ಬಿಸು, ಅಲ್ಲಿ ಮಾತಾಡುವುದಿದೆ ಎಂದ. ತಾಯಿ ಮಗಳ ಕಿವಿಯ ಮೇಲೆ ಅಂಗೈ ಮುಚ್ಚಿದಳು.

"ಎಷ್ಟೋ ದಿನ ಆಯ್ತು ಭಾವ, ಇವಳು ಕಣ್ಣು ಮುಚ್ಚಿ. ಮಲಗಲಿ."

ಅವನು ನಿಂತೇ ಇದ್ದ. ಅವರೂ ಕುಳಿತೇ ಇದ್ದರು. ಮಗು ಬಾಯಿ ತೆರೆದು, ಸಣ್ಣಗೆ ಗೊರಕೆ ಹೊಡೆಯುತ್ತ ನಿದ್ದೆ ಹೋಗಿತ್ತು.